ತಾಳ್ಮೆಗೆಷ್ಟು ಸಂಬಳ?

ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಅಂಗಿ ಹುಟ್ಟುವುದು ತುಂಡುತುಂಡಾಗಿ. ಒಬ್ಬಾಕೆ ಕಾಲರ್ ಕೂರಿಸುತ್ತಾಳೆ, ಮುಂದಿನವಳು ತೋಳು ಜೋಡಿಸುತ್ತಾಳೆ, ಅದರಾಚೆಯವಳು ಕಫ್ ಹೊಲಿಯುತ್ತಾಳೆ, ಕೊನೆಗೆ ಕಾಜಾ, ಗುಂಡಿ, ಚೆಕಿಂಗ್. ನಡುವೆ ಒಬ್ಬಳ ಕೈ ನಿಂತರೆ ಅವಳ ಮುಂದೆ ಪೀಸುಗಳು ರಾಶಿ ಬೀಳುತ್ತವೆ, ಅವಳ ನಂತರದವರು ಸುಮ್ಮನೆ ಕೂರುತ್ತಾರೆ. ಕೈ ನಿಲ್ಲಬೇಕಾದರೆ ಸೂಜಿಯೇ ಮುರಿಯಬೇಕೆಂದಿಲ್ಲ. ಬೆಳಿಗ್ಗೆ ಜ್ವರದಲ್ಲಿ ಬಿಟ್ಟುಬಂದ ಮಗು, ಸೂಪರ್‌ವೈಸರ್ ಎಲ್ಲರೆದುರು ಆಡಿದ ಒಂದು ಮಾತು, ಪಕ್ಕದ ಮಿಷನ್ನಿನವಳ ಜೊತೆ ಮಾತು ಬಿಟ್ಟಿರುವುದು, ಇಷ್ಟೇ ಸಾಕು. ಗಂಟೆಗಂಟೆಗೂ ಟಾರ್ಗೆಟ್ ಬರೆಯುವ ಬೋರ್ಡಿನಲ್ಲಿ ಇದಕ್ಕೆಲ್ಲ ಕಾಲಂ ಇಲ್ಲ.

ಆ ಕಾಲಂ ತುಂಬುವ ಪ್ರಯತ್ನವೊಂದು ಬೆಂಗಳೂರಿನಲ್ಲೇ ನಡೆದಿದೆ. ಶಾಹಿ ಎಕ್ಸ್‌ಪೋರ್ಟ್ಸ್‌ನ ಐದು ಫ್ಯಾಕ್ಟರಿಗಳಲ್ಲಿ ಹೊಲಿಗೆಯ ಹೆಣ್ಣುಮಕ್ಕಳಿಗೆ ಒಂದು ತರಬೇತಿ ಕೊಡಲಾಯಿತು. ಗ್ಯಾಪ್ ಕಂಪನಿ ರೂಪಿಸಿದ ‘ಪೇಸ್’ ಎಂಬ ಆ ಪಾಠದಲ್ಲಿ ಹೊಲಿಗೆಯ ಸುದ್ದಿಯೇ ಇರಲಿಲ್ಲ. ಮಾತಾಡುವುದು ಹೇಗೆ, ಸಮಸ್ಯೆ ಬಂದಾಗ ಯಾರನ್ನು ಕೇಳಬೇಕು, ಹೊತ್ತನ್ನು ಹಂಚಿಕೊಳ್ಳುವುದು ಹೇಗೆ, ತಲೆ ಬಿಸಿಯಾದಾಗ ಏನು ಮಾಡಬೇಕು, ಹೀಗಿತ್ತು ಪಾಠ. ಸೇರಲು ಬಯಸಿದವರಲ್ಲಿ ಲಾಟರಿ ಎತ್ತಿ ಕೆಲವರನ್ನು ಆರಿಸಿ, ಉಳಿದವರನ್ನು ಹೋಲಿಕೆಗೆ ಇಟ್ಟುಕೊಂಡರು. ಅಚ್ಯುತ ಅಧ್ವರ್ಯು, ನಮ್ರತಾ ಕಾಲಾ, ಅನಂತ ನೈಷಧಮ್ ಎಂಬ ಮೂವರು ಅರ್ಥಶಾಸ್ತ್ರಜ್ಞರು 2018ರಲ್ಲಿ ಇದರ ಲೆಕ್ಕ ಹೊರಗಿಟ್ಟರು. ತರಬೇತಿ ಪಡೆದವರ ಉತ್ಪಾದಕತೆ ಪಡೆಯದವರಿಗಿಂತ ಶೇ. 20ರಷ್ಟು ಹೆಚ್ಚಿತ್ತು. ಪಾಠ ಮುಗಿದು ಎಂಟು ತಿಂಗಳಾಗುವ ಹೊತ್ತಿಗೆ ಕಂಪನಿಗೆ ಬಂದ ನಿವ್ವಳ ಲಾಭ ಹಾಕಿದ ಹಣದ ಶೇ. 258.

ಅದೇ ಪ್ರಬಂಧದಲ್ಲಿ ಇನ್ನೊಂದು ಅಂಕಿಯೂ ಇದೆ. ಆ ಹೆಣ್ಣುಮಕ್ಕಳ ಸಂಬಳ ಹೆಚ್ಚಿದ್ದು ಶೇ. 0.5.

ಕೆಲಸದ ಜಾಗದಲ್ಲಿ ಭಾವನೆಯ ಬೆಲೆ ಎಷ್ಟು ಎಂಬ ಚರ್ಚೆ ಮೂವತ್ತು ವರ್ಷಗಳಿಂದ ನಡೆಯುತ್ತಿದೆ. ಆ ಚರ್ಚೆಯನ್ನೆಲ್ಲ ಈ ಎರಡು ಅಂಕಿಗಳ ನಡುವೆ ನಿಲ್ಲಿಸಿ ನೋಡಿದರೆ ಬೇರೆಯೇ ಕಾಣುತ್ತದೆ. ಭಾವನಾತ್ಮಕ ಬುದ್ಧಿಮತ್ತೆ ಉತ್ಪಾದಕತೆಯನ್ನು ಹೆಚ್ಚಿಸುತ್ತದೆಯೇ ಎಂದು ಎಲ್ಲರೂ ಕೇಳುತ್ತಾರೆ. ಯಾವ ಕೆಲಸದಲ್ಲಿ, ಯಾರಿಂದ, ಯಾರಿಗಾಗಿ ಎಂಬುದು ಹೆಚ್ಚಿನವರ ಬಾಯಲ್ಲಿ ಬರುವುದಿಲ್ಲ.

‘ಭಾವನಾತ್ಮಕ ಬುದ್ಧಿಮತ್ತೆ’ ಎಂಬುದೇ ನಾಲಿಗೆಗೆ ಭಾರವಾದ ಪದ. ತನ್ನ ಸಿಟ್ಟು ತನಗೆ ಗೊತ್ತಾಗುವುದು, ಎದುರಿನವರ ಮುಖ ನೋಡಿ ಮನಸ್ಸು ಅರಿಯುವುದು, ಆ ಅರಿವಿನಿಂದ ಮಾತನ್ನೋ ನಡೆಯನ್ನೋ ತಿದ್ದಿಕೊಳ್ಳುವುದು, ಇಷ್ಟನ್ನು ಸೇರಿಸಿ ಕಟ್ಟಿದ ಗಂಟು ಅದು. ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಥಾರ್ನ್‌ಡೈಕ್ 1920ರಲ್ಲೇ ‘ಸಾಮಾಜಿಕ ಬುದ್ಧಿಮತ್ತೆ’ಯ ಮಾತೆತ್ತಿದ್ದ. ಈಗಿನ ಅರ್ಥಕ್ಕೆ ಚೌಕಟ್ಟು ಹಾಕಿದವರು ಪೀಟರ್ ಸ್ಯಾಲೋವಿ ಮತ್ತು ಜಾನ್ ಮೇಯರ್, 1990ರ ಒಂದು ಪ್ರಬಂಧದಲ್ಲಿ. ಅದು ತಜ್ಞರ ಕಪಾಟಿನಲ್ಲೇ ಉಳಿಯುತ್ತಿತ್ತೋ ಏನೋ. ನ್ಯೂಯಾರ್ಕ್ ಟೈಮ್ಸ್‌ನಲ್ಲಿ ವಿಜ್ಞಾನ ಬರೆಯುತ್ತಿದ್ದ ಡೇನಿಯಲ್ ಗೋಲ್‌ಮನ್ 1995ರಲ್ಲಿ ಅದೇ ಹೆಸರಿನ ಪುಸ್ತಕ ತಂದ ಮೇಲೆ ವಿಷಯ ಬೋರ್ಡ್‌ರೂಮಿಗೆ, ಅಲ್ಲಿಂದ ಎಚ್‌ಆರ್ ವಿಭಾಗಕ್ಕೆ, ಅಲ್ಲಿಂದ ಶನಿವಾರದ ವರ್ಕ್‌ಶಾಪಿಗೆ ಇಳಿಯಿತು.

ದಾರಿಯಲ್ಲಿ ಒಂದು ಲೆಕ್ಕ ತಲೆಕೆಳಗಾಯಿತು. ಬದುಕಿನ ಯಶಸ್ಸಿಗೆ ಐಕ್ಯೂ ಕೊಡುವ ಪಾಲು ಹೆಚ್ಚೆಂದರೆ ಶೇ. 20, ಉಳಿದದ್ದು ಬೇರೆ ಕಾರಣಗಳಿಗೆ ಸೇರಿದ್ದು ಎಂದು ಗೋಲ್‌ಮನ್ ಬರೆದಿದ್ದರು. ಆ ‘ಬೇರೆ’ಯಲ್ಲಿ ಹುಟ್ಟಿದ ಮನೆ, ಅಪ್ಪನ ಆಸ್ತಿ, ಅದೃಷ್ಟ ಎಲ್ಲವೂ ಸೇರಿವೆ. ಓದಿದವರು, ಅದಕ್ಕಿಂತ ಹೆಚ್ಚಾಗಿ ಓದದವರು, ಉಳಿದ 80 ಪೂರ್ತಿ ಭಾವನಾತ್ಮಕ ಬುದ್ಧಿಮತ್ತೆಯದೇ ಎಂದು ಹೇಳಿಕೊಂಡು ತಿರುಗಿದರು. ತರಬೇತಿ ಕೊಡುವವರ ಸ್ಲೈಡುಗಳಲ್ಲಿ ಆ 80 ಇನ್ನೂ ಜೀವಂತವಾಗಿದೆ.

ನಿಜವಾದ ಸಂಖ್ಯೆ ಇದಕ್ಕಿಂತ ಎಷ್ಟೋ ವಿನಯದ್ದು. ಅರ್ನೆಸ್ಟ್ ಓಬಾಯ್ಲ್ ಮತ್ತು ಸಂಗಡಿಗರು ಅಲ್ಲಿಯವರೆಗಿನ ಅಧ್ಯಯನಗಳನ್ನು ಒಟ್ಟುಹಾಕಿ 2011ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ಭಾವನಾತ್ಮಕ ಬುದ್ಧಿಮತ್ತೆಗೂ ಕೆಲಸದ ಗುಣಮಟ್ಟಕ್ಕೂ ಇರುವ ಸಂಬಂಧದ ಅಳತೆ 0.24ರಿಂದ 0.30. ಸರಳವಾಗಿ ಹೇಳುವುದಾದರೆ, ಒಬ್ಬ ನೌಕರನಿಗೂ ಇನ್ನೊಬ್ಬನಿಗೂ ಕೆಲಸದಲ್ಲಿ ಕಾಣುವ ವ್ಯತ್ಯಾಸದಲ್ಲಿ ನೂರಕ್ಕೆ ಆರರಿಂದ ಒಂಬತ್ತು ಪಾಲು ಇದರ ಜೊತೆ ಹೊಂದುತ್ತದೆ. ಕಡೆಗಣಿಸುವಷ್ಟು ಸಣ್ಣದೇನಲ್ಲ. ಆದರೆ ಎಂಬತ್ತೆಲ್ಲಿ, ಒಂಬತ್ತೆಲ್ಲಿ!

ಅಳೆಯುವುದರಲ್ಲೂ ತಕರಾರಿದೆ. ಮುಖದ ಚಿತ್ರ ತೋರಿಸಿ ‘ಇಲ್ಲಿ ಯಾವ ಭಾವನೆಯಿದೆ’ ಎಂದು ಕೇಳುವ ಪರೀಕ್ಷೆ ಒಂದು ಬಗೆ. ಸ್ಯಾಲೋವಿ, ಮೇಯರ್ ಕಟ್ಟಿದ್ದು ಅಂಥದ್ದು. ‘ಒತ್ತಡದಲ್ಲೂ ನಾನು ಶಾಂತವಾಗಿರುತ್ತೇನೆ’ ಎಂಬಂಥ ವಾಕ್ಯಗಳ ಮುಂದೆ ಟಿಕ್ ಹಾಕಿಸುವ ಪ್ರಶ್ನಾವಳಿ ಇನ್ನೊಂದು ಬಗೆ. ಎರಡನೆಯದರಲ್ಲಿ ತೂಗುವವನೂ ಅವನೇ, ತೂಗಿಸಿಕೊಳ್ಳುವವನೂ ಅವನೇ. ಆಫೀಸಿನಲ್ಲಿ ದಿನಾ ಒಬ್ಬರನ್ನಾದರೂ ಅಳಿಸುವ ಮ್ಯಾನೇಜರ್ ತನ್ನನ್ನು ತಾನು ಶಾಂತಮೂರ್ತಿ ಎಂದೇ ತಿಳಿದಿರುತ್ತಾನೆ. ಎಡ್ವಿನ್ ಲಾಕ್ ಎಂಬ ಹಿರಿಯ ಮನೋವಿಜ್ಞಾನಿ 2005ರಲ್ಲಿ, ಈ ಪರಿಕಲ್ಪನೆಯೇ ಸಿಂಧುವಲ್ಲ, ಇದು ಹಳೆಯ ಬುದ್ಧಿಶಕ್ತಿಗೆ ಹೊಸ ಹೆಸರಷ್ಟೇ ಎಂದು ವಾದಿಸಿದ. ಆ ಮಾತು ತುಸು ಅತಿಯಾಯಿತು. ಆದರೆ ಪ್ರಶ್ನಾವಳಿಯ ಅಂಕ ನೋಡಿ ನೌಕರಿ ಕೊಡುವ ಕಂಪನಿಗಳಿಗೆ ಅದು ಬೇಕಾಗಿದ್ದ ಚಾಟಿ.

ಈ ಗೊಂದಲವನ್ನು ಹೆಚ್ಚು ಬಿಡಿಸಿದ್ದು 2010ರಲ್ಲಿ ಡಾನಾ ಜೋಸೆಫ್ ಮತ್ತು ಡೇನಿಯಲ್ ನ್ಯೂಮನ್ ಮಾಡಿದ ಸಮೀಕ್ಷೆ. ಅವರು ಕೆಲಸಗಳನ್ನು ಎರಡಾಗಿ ಬೇರ್ಪಡಿಸಿದರು. ಗಿರಾಕಿ, ರೋಗಿ, ಪ್ರಯಾಣಿಕರ ಮುಂದೆ ಮುಖದ ಭಾವವನ್ನೂ ಕೆಲಸದ ಭಾಗವಾಗಿ ನಿಭಾಯಿಸಬೇಕಾದ ಉದ್ಯೋಗಗಳು ಒಂದು ಕಡೆ, ಅಂಥ ಅಗತ್ಯ ಕಡಿಮೆ ಇರುವವು ಇನ್ನೊಂದು ಕಡೆ. ಮೊದಲನೆಯ ಗುಂಪಿನಲ್ಲಿ ಭಾವನಾತ್ಮಕ ಬುದ್ಧಿಮತ್ತೆ ಇದ್ದವರ ಕೆಲಸ ಚೆನ್ನಾಗಿತ್ತು. ಎರಡನೆಯದರಲ್ಲಿ ಸಂಬಂಧ ಕ್ಷೀಣಿಸಿತು, ಪರೀಕ್ಷೆಯ ಮೂಲಕ ಅಳೆದಲ್ಲಿ ತಿರುಗುಮುರುಗಾಗುವ ಸೂಚನೆಯೂ ಇತ್ತು. ಒಂಟಿಯಾಗಿ ಕೂತು ಲೆಕ್ಕ ತಾಳೆ ನೋಡುವವನು ಪಕ್ಕದವರ ಮುಖ ಓದುತ್ತಾ ಕೂತರೆ ಲೆಕ್ಕ ತಪ್ಪದಿರುತ್ತದೆಯೇ?

ಸ್ಟೆಫಾನ್ ಕೋಟೆ ಮತ್ತು ಕ್ರಿಸ್ಟೋಫರ್ ಮೈನರ್ಸ್ 2006ರಲ್ಲಿ ಒಂದು ವಿಶ್ವವಿದ್ಯಾಲಯದ ನೌಕರರಲ್ಲಿ ಕಂಡದ್ದು ಇನ್ನೂ ಸ್ವಾರಸ್ಯಕರ. ಬುದ್ಧಿಪರೀಕ್ಷೆಯಲ್ಲಿ ಹೆಚ್ಚು ಅಂಕ ತೆಗೆದವರ ಕೆಲಸಕ್ಕೆ ಭಾವನಾತ್ಮಕ ಬುದ್ಧಿಮತ್ತೆ ಅಷ್ಟಾಗಿ ಏನೂ ಸೇರಿಸಲಿಲ್ಲ. ಕಡಿಮೆ ಅಂಕದವರಿಗೆ ಅದು ಕೈಹಿಡಿಯಿತು. ಗೊತ್ತಿಲ್ಲದ್ದನ್ನು ಗೊತ್ತಿದ್ದವರ ಹತ್ತಿರ ಸಂಕೋಚವಿಲ್ಲದೆ ಕೇಳಿ ತಿಳಿಯಬಲ್ಲವರು ಯಾವ ಆಫೀಸಿನಲ್ಲೂ ಹಿಂದೆ ಬೀಳುವುದಿಲ್ಲವಲ್ಲ.

ಹಾಗಾದರೆ ಮುಖದ ಭಾವವೇ ಕೆಲಸವಾದ ಉದ್ಯೋಗಗಳಲ್ಲಿ ಏನಾಗುತ್ತದೆ? ದೂರ ಹೋಗಬೇಕಿಲ್ಲ, ತುಂಬಿದ ಬಸ್ಸಿನ ಕಂಡಕ್ಟರರನ್ನು ನೋಡಿದರೆ ಸಾಕು. ಐನೂರರ ನೋಟು ಹಿಡಿದು ಹತ್ತು ರೂಪಾಯಿಯ ಟಿಕೆಟ್ ಕೇಳುವವರು, ಚಿಲ್ಲರೆ ಆಮೇಲೆ ಎಂದರೆ ಮುಖ ಊದಿಸುವವರು, ಸ್ಟಾಪ್ ದಾಟಿದ ಮೇಲೆ ‘ಹೇಳಬಾರದಿತ್ತಾ’ ಎಂದು ಮೇಲೆ ಬೀಳುವವರು. 2023ರ ಜೂನ್ 11ರಂದು ಹೆಂಗಸರಿಗೆ ಬಸ್ ಪ್ರಯಾಣ ಉಚಿತ ಮಾಡಿದ ಶಕ್ತಿ ಯೋಜನೆ ಶುರುವಾದ ಮೇಲೆ ಗುರುತಿನ ಚೀಟಿ ನೋಡುವ, ಸೊನ್ನೆ ದರದ ಟಿಕೆಟ್ ಹರಿಯುವ ಕೆಲಸವೂ ಸೇರಿತು, ಬಸ್ಸುಗಳಲ್ಲಿ ಕಾಲಿಡಲು ಜಾಗವಿಲ್ಲದಾಯಿತು. ಟ್ರಿಪ್ಪಿನ ಕೊನೆಗೆ ಲೆಕ್ಕಕ್ಕೆ ಬರುವುದು ಟಿಕೆಟ್ಟು, ದುಡ್ಡು, ವೇಳೆ. ದಿನವಿಡೀ ನುಂಗಿಕೊಂಡ ಸಿಟ್ಟಿಗೆ ವೇಬಿಲ್ಲಿನಲ್ಲಿ ಸಾಲಿಲ್ಲ.

ಆ ನುಂಗುವಿಕೆಗೆ ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1983ರಲ್ಲಿ ಒಂದು ಹೆಸರು ಕೊಟ್ಟರು. ಕನ್ನಡದಲ್ಲಿ ಅದನ್ನು ‘ಭಾವಶ್ರಮ’ ಎನ್ನಬಹುದು. ಡೆಲ್ಟಾ ಏರ್‌ಲೈನ್ಸ್‌ನ ಗಗನಸಖಿಯರನ್ನೂ ಸಾಲ ವಸೂಲಿಗಾರರನ್ನೂ ಅವರು ಅಧ್ಯಯನ ಮಾಡಿದ್ದರು. ಒಬ್ಬರಿಗೆ ನಗುವುದು ಕೆಲಸ, ಇನ್ನೊಬ್ಬರಿಗೆ ಗದರುವುದು ಕೆಲಸ. ಇಬ್ಬರದೂ ಸಂಬಳಕ್ಕೆ ಮಾರಿದ ಭಾವನೆಯೇ. ಈ ಶ್ರಮದಲ್ಲಿ ಎರಡು ಬಗೆಯನ್ನು ಅವರು ಗುರುತಿಸಿದರು. ಒಳಗೆ ಕುದಿಯುತ್ತಿದ್ದರೂ ತುಟಿಯ ಮೇಲೆ ನಗು ಅಂಟಿಸಿಕೊಳ್ಳುವುದು ಒಂದು. ಎದುರಿನವರ ಕಷ್ಟವನ್ನು ಕಲ್ಪಿಸಿಕೊಂಡು ಒಳಗಿನ ಕುದಿಯನ್ನೇ ಆರಿಸಿಕೊಳ್ಳುವುದು ಇನ್ನೊಂದು. ಆಮೇಲಿನ ಹತ್ತಾರು ಅಧ್ಯಯನಗಳು ಹೇಳುವಂತೆ ಅಂಟಿಸಿದ ನಗು ಜನರನ್ನು ಬಳಲಿಸುತ್ತದೆ, ಗಿರಾಕಿಗೂ ಅದರ ಸುಳ್ಳು ತಿಳಿಯುತ್ತದೆ.

ಬೆಂಗಳೂರಿನ ಕಾಲ್‌ಸೆಂಟರುಗಳಲ್ಲಿ ರಾತ್ರಿ ಕಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಊರಿನ ಹೆಸರು ಬಿಟ್ಟು ಪರದೇಶದ ಹೆಸರಿಟ್ಟುಕೊಂಡು, ಉಚ್ಚಾರ ಬದಲಿಸಿ, ಬೈಸಿಕೊಂಡೂ ‘ಥ್ಯಾಂಕ್ಯೂ’ ಹೇಳಿದ ತಲೆಮಾರೊಂದು ಈ ಊರಲ್ಲಿದೆ. ಡಾನ್ ಕೇಬಲ್, ಫ್ರಾಂಚೆಸ್ಕಾ ಜೀನೊ, ಬ್ರ್ಯಾಡ್ಲಿ ಸ್ಟಾಟ್ಸ್ ಎಂಬ ಸಂಶೋಧಕರು ವಿಪ್ರೋದ ಬಿಪಿಒ ವಿಭಾಗದಲ್ಲಿ ಹೊಸದಾಗಿ ಸೇರಿದವರ ಮೇಲೆ ಒಂದು ಪ್ರಯೋಗ ಮಾಡಿ 2013ರಲ್ಲಿ ಪ್ರಕಟಿಸಿದರು. ಮೊದಲ ದಿನ ಒಂದು ಗುಂಪಿಗೆ ಕಂಪನಿಯ ಹಿರಿಮೆಯ ಪರಿಚಯವಾಯಿತು. ಇನ್ನೊಂದು ಗುಂಪನ್ನು ಕೂರಿಸಿಕೊಂಡು ‘ನೀವು ನೀವಾಗಿ ಕೆಲಸ ಮಾಡಿದಾಗ ಯಾವುದರಲ್ಲಿ ಗಟ್ಟಿ?’ ಎಂದು ಕೇಳಲಾಯಿತು. ಕೆಲವು ತಿಂಗಳ ನಂತರ ನೋಡಿದರೆ ಎರಡನೆಯ ಗುಂಪಿನಲ್ಲಿ ಕೆಲಸ ಬಿಟ್ಟವರು ಕಡಿಮೆ, ಅವರೊಡನೆ ಮಾತಾಡಿದ ಗಿರಾಕಿಗಳ ಸಮಾಧಾನ ಹೆಚ್ಚು. ಜನ ನಿಲ್ಲದಿರುವುದೇ ದೊಡ್ಡ ತಲೆನೋವಾಗಿರುವ ಉದ್ಯಮದಲ್ಲಿ ಸುಮಾರು ಒಂದು ಗಂಟೆಯ ಮಾತುಕತೆ ಮಾಡಿದ ಕೆಲಸ ಇದು. ನೌಕರರಿಗೆ ಭಾವನೆ ನಿಭಾಯಿಸುವ ಪಾಠವನ್ನೇನೂ ಇಲ್ಲಿ ಮಾಡಿರಲಿಲ್ಲ. ಅವರು ಹೊತ್ತುಕೊಳ್ಳಬೇಕಾದ ವೇಷದ ಭಾರ ಇಳಿಯಿತು, ಅಷ್ಟೆ.

ಒಂದು ಒರಟು ಮಾತಿನಿಂದ ಎಷ್ಟು ಹಾನಿಯಾಗುತ್ತದೆ ಎಂಬುದಕ್ಕೆ ಗಟ್ಟಿಯಾದ ಸಾಕ್ಷ್ಯ ಬಂದಿರುವುದು ಇಸ್ರೇಲಿನಿಂದ. ನವಜಾತ ಶಿಶುಗಳ ತೀವ್ರ ನಿಗಾ ಘಟಕದ ವೈದ್ಯರು, ನರ್ಸ್‌ಗಳಿರುವ 24 ತಂಡಗಳಿಗೆ ಒಂದು ಅಣಕು ಪ್ರಕರಣ ಕೊಟ್ಟರು. ಅಮೆರಿಕದಿಂದ ಬಂದ ತಜ್ಞನೊಬ್ಬ ನಿಮ್ಮನ್ನು ಗಮನಿಸುತ್ತಿದ್ದಾನೆ ಎಂದು ತಿಳಿಸಿದರು. ಕೆಲವು ತಂಡಗಳ ಮುಂದೆ ಆತ ಇಸ್ರೇಲಿನ ವೈದ್ಯಕೀಯದ ಬಗ್ಗೆ ಹಗುರಾಗಿ ಮಾತಾಡಿದ, ಉಳಿದವುಗಳ ಮುಂದೆ ಸಾಧಾರಣವಾಗಿ ಮಾತಾಡಿದ. ಹಗುರು ಮಾತು ಕೇಳಿದ ತಂಡಗಳು ರೋಗ ಗುರುತಿಸುವುದರಲ್ಲೂ ಚಿಕಿತ್ಸೆಯಲ್ಲೂ ಹಿಂದೆ ಬಿದ್ದವು. ಪೀಡಿಯಾಟ್ರಿಕ್ಸ್ ಪತ್ರಿಕೆಯಲ್ಲಿ 2015ರಲ್ಲಿ ಬಂದ ಈ ವರದಿ ಹೇಳುವ ಕಾರಣ ಗಮನಿಸಬೇಕಾದ್ದು: ಅವಮಾನವಾದ ಮೇಲೆ ತಂಡದವರು ಒಬ್ಬರಿಗೊಬ್ಬರು ಮಾಹಿತಿ ಹಂಚಿಕೊಳ್ಳುವುದು, ಸಹಾಯ ಕೇಳುವುದು ಕಡಿಮೆಯಾಯಿತು. ಕೈಚಳಕವಾಗಲಿ ಓದಾಗಲಿ ಎಲ್ಲೂ ಹೋಗಿರಲಿಲ್ಲ, ಬಾಯಿ ಕಟ್ಟಿತ್ತು.

ಹಾರ್ವರ್ಡಿನ ಏಮಿ ಎಡ್ಮಂಡ್‌ಸನ್ 1999ರಿಂದ ಹೇಳುತ್ತಿರುವುದು ಇದನ್ನೇ. ತಪ್ಪಾಯಿತು ಎಂದು ಒಪ್ಪಿಕೊಳ್ಳಲು, ಗೊತ್ತಾಗಲಿಲ್ಲ ಎಂದು ಕೇಳಲು ಹೆದರಿಕೆಯಿಲ್ಲದ ತಂಡ ಹೆಚ್ಚು ಕಲಿಯುತ್ತದೆ. ಗೂಗಲ್ ಕೂಡ ತನ್ನ 180 ತಂಡಗಳನ್ನು ಜಾಲಾಡಿ, ಜಾಣರನ್ನು ಒಟ್ಟುಹಾಕಿದ ಮಾತ್ರಕ್ಕೆ ಜಾಣ ತಂಡವಾಗುವುದಿಲ್ಲ ಎಂಬಲ್ಲಿಗೆ ಬಂದು ನಿಂತಿತು. ಕೂಡುಕುಟುಂಬದಲ್ಲಿ ಸೊಸೆಯಾಗಿ ಬಾಳಿದ ಯಾರನ್ನು ಕೇಳಿದ್ದರೂ ಇದನ್ನು ಬಿಟ್ಟಿಯಾಗಿ ಹೇಳುತ್ತಿದ್ದರು.

ಮನಸ್ಸು ಓದುವ ವಿದ್ಯೆ ಸಜ್ಜನರ ಸ್ವತ್ತೇನೂ ಅಲ್ಲ. ಎದುರಿನವರ ಅಳುಕು ಎಲ್ಲಿದೆ ಎಂದು ತಿಳಿದವನು ಅಲ್ಲಿಗೇ ಕೈ ಹಾಕಬಲ್ಲ. ರಜೆ ಕೇಳಲು ಬಂದವಳ ಅಪರಾಧಿ ಭಾವವನ್ನು ಸರಿಯಾದ ಜಾಗದಲ್ಲಿ ಚುಚ್ಚಿ ವಾಪಸ್ ಕಳಿಸುವ ಮೇಲಧಿಕಾರಿಗೆ ಈ ಬುದ್ಧಿಮತ್ತೆಯ ಕೊರತೆ ಇಲ್ಲ.

ತಾಳ್ಮೆಯ ಪಾಠಕ್ಕೆ ಎಟುಕದ ಸಿಟ್ಟೂ ಇದೆ ಎಂಬುದಕ್ಕೆ ಕರ್ನಾಟಕದ್ದೇ ಎರಡು ಘಟನೆಗಳಿವೆ. 2016ರ ಏಪ್ರಿಲ್ 18ರಂದು ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಾರು ಸಂಖ್ಯೆಯಲ್ಲಿ ರಸ್ತೆಗಿಳಿದರು. ಹೊಸೂರು ರಸ್ತೆ ನಿಂತುಹೋಯಿತು. ಮಾಲೀಕರ ಪಾಲಿನ ಪಿಎಫ್ ಹಣವನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂಬ ಕೇಂದ್ರದ ಹೊಸ ನಿಯಮ ಅವರ ಸಿಟ್ಟಿಗೆ ಕಾರಣ. ಮಗಳ ಮದುವೆಗೋ, ಮನೆಯ ಸಾಲಕ್ಕೋ, ಕೆಲಸ ಬಿಟ್ಟಾಗ ಕೈಗೆ ಬರುವ ಗಂಟು ಅದೊಂದೇ ಆಗಿತ್ತು. ಮುಂದಾಳಿನ ಹೆಸರಿಲ್ಲದ ಆ ಪ್ರತಿಭಟನೆ ಮರುದಿನ ಕಲ್ಲು, ಬೆಂಕಿಗೂ ತಿರುಗಿತು. ಅಂದೇ ಸರ್ಕಾರ ನಿಯಮವನ್ನು ಹಿಂತೆಗೆದುಕೊಂಡಿತು. ಎರಡನೆಯದು 2020ರ ಡಿಸೆಂಬರ್ 12ರದು. ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಘಟಕವನ್ನು ಕಾರ್ಮಿಕರು ಪುಡಿಗುಟ್ಟಿದರು. ಕೆಲವರಿಗೆ ಸಂಬಳ ಸರಿಯಾಗಿ, ವೇಳೆಗೆ ಸರಿಯಾಗಿ ಸಿಕ್ಕಿರಲಿಲ್ಲ ಎಂದು ಕಂಪನಿಯೇ ಆಮೇಲೆ ಒಪ್ಪಿ ಕ್ಷಮೆ ಕೇಳಿತು, ಭಾರತದ ವ್ಯವಹಾರ ನೋಡುತ್ತಿದ್ದ ಉಪಾಧ್ಯಕ್ಷರನ್ನು ತೆಗೆಯಿತು. ಆ್ಯಪಲ್ ಹೊಸ ಆರ್ಡರ್ ಕೊಡುವುದನ್ನು ಸ್ವಲ್ಪ ಕಾಲ ನಿಲ್ಲಿಸಿತು.

ಈ ಎರಡೂ ಕಡೆ ಕಾರ್ಮಿಕರಿಗೆ ಕೋಪ ನಿಭಾಯಿಸುವ ತರಬೇತಿ ಕೊಟ್ಟಿದ್ದರೆ ತಪ್ಪುತ್ತಿತ್ತು ಎಂದು ಹೇಳುವವರು ಇದ್ದಾರು. ಆ ಮಾತಿಗೆ ಅರ್ಥವಿಲ್ಲ. ಅಲ್ಲಿದ್ದದ್ದು ಸಂಬಳದ, ಉಳಿತಾಯದ ಪ್ರಶ್ನೆ. ಸಂಬಳದ ಚೀಟಿಯಲ್ಲಿ ತಪ್ಪಿದ ಲೆಕ್ಕವನ್ನು ಧ್ಯಾನದ ತರಗತಿ ಸರಿಪಡಿಸುವುದಿಲ್ಲ.

ಆದರೆ ಕೇಳುವ ಕಿವಿ ಇದ್ದರೆ ಒಂದಿಷ್ಟು ಬದಲಾಗುತ್ತದೆ ಎಂಬುದಕ್ಕೆ ಹಳೆಯ ಸಾಕ್ಷಿಯೂ ಇದೆ, ಹೊಸದೂ ಇದೆ. ಷಿಕಾಗೋ ಹತ್ತಿರದ ಹಾಥಾರ್ನ್ ಕಾರ್ಖಾನೆಯಲ್ಲಿ 1924ರಲ್ಲಿ ದೀಪದ ಬೆಳಕಿಗೂ ಕೆಲಸಕ್ಕೂ ಏನು ಸಂಬಂಧ ಎಂದು ನೋಡಲು ಶುರುವಾದ ಪ್ರಯೋಗ, 1928ರಿಂದ 20,000ಕ್ಕೂ ಹೆಚ್ಚು ಸಂದರ್ಶನಗಳಿಗೆ ತಿರುಗಿತು. ಕಾರ್ಮಿಕರು ಸುಮ್ಮನೆ ಹೇಳಿಕೊಂಡರು, ಸಂದರ್ಶಕರು ಸುಮ್ಮನೆ ಕೇಳಿಸಿಕೊಂಡರು. ಸುಮಾರು ತೊಂಬತ್ತು ವರ್ಷಗಳ ನಂತರ ಅಧ್ವರ್ಯು, ನೈಷಧಮ್ ಮತ್ತು ತೆರೇಸಾ ಮೊಲಿನಾ ಭಾರತದ ಗಾರ್ಮೆಂಟ್ಸ್‌ಗಳಲ್ಲಿ, ನಿರೀಕ್ಷೆಗಿಂತ ಕಡಿಮೆ ಸಂಬಳ ಏರಿಕೆಯಾದ ಸ್ವಲ್ಪದರಲ್ಲೇ ಕೆಲವು ಕಾರ್ಮಿಕರಿಗೆ ಹೆಸರು ಹೇಳದೆ ಅಭಿಪ್ರಾಯ ತಿಳಿಸುವ ಅವಕಾಶ ಕೊಟ್ಟರು. ಕೆಲಸ ಹೇಗಿದೆ, ಸೂಪರ್‌ವೈಸರ್ ಹೇಗೆ, ಇಂಥ ಪ್ರಶ್ನೆಗಳು. ಉತ್ತರಿಸಿದವರಲ್ಲಿ ಕೆಲಸ ಬಿಡುವುದೂ ಗೈರುಹಾಜರಿಯೂ ಕಡಿಮೆಯಾದವು, ಅದರಲ್ಲೂ ಹೆಚ್ಚು ನಿರಾಶರಾಗಿದ್ದವರಲ್ಲಿ. ಸಂಬಳ ಅಷ್ಟೇ ಇತ್ತು. ಇದನ್ನು ಓದಿ ಖುಷಿಪಡಬೇಕೋ ಬೇಸರಪಡಬೇಕೋ ತಿಳಿಯುವುದಿಲ್ಲ.

ಹೀಗೆ ನೋಡುತ್ತಾ ಬಂದರೆ ಒಂದು ಅಂಶ ಎದ್ದು ಕಾಣುತ್ತದೆ. ಭಾವನೆ ನಿಭಾಯಿಸುವ ಪಾಠವನ್ನು ಹೆಚ್ಚಾಗಿ ಕೆಳಗಿನವರಿಗೆ ಹೇಳಲಾಗುತ್ತದೆ. ಹಾನಿ ಮಾಡುವ ಮಾತು ಬರುವುದು ಮೇಲಿನಿಂದ. ಮ್ಯಾಟಿಂಗ್ಲಿ ಮತ್ತು ಕ್ರೈಗರ್ 2019ರಲ್ಲಿ 58 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿ, ಈ ಬುದ್ಧಿಮತ್ತೆಯನ್ನು ತರಬೇತಿಯಿಂದ ಮಧ್ಯಮ ಪ್ರಮಾಣದಲ್ಲಿ ಬೆಳೆಸಬಹುದು ಎಂದು ಕಂಡುಕೊಂಡಿದ್ದಾರೆ. ಕಲಿಯಬಹುದಾದ ವಿದ್ಯೆಯೇ ಆಗಿದ್ದರೆ ಯಾರು ಮೊದಲು ಕಲಿಯಬೇಕು?

ಈ ಪ್ರಶ್ನೆಗೂ ಗಾರ್ಮೆಂಟ್ಸ್‌ನಲ್ಲೇ ಉತ್ತರ ಸಿಕ್ಕಿದೆ, ಅದೂ ಯಾರೂ ಎಣಿಸದ ರೀತಿಯಲ್ಲಿ. ಅಧ್ವರ್ಯು ಮತ್ತು ನೈಷಧಮ್ ಅವರಿದ್ದ ಇನ್ನೊಂದು ತಂಡ ಈ ಬಾರಿ ಲೈನ್ ಸೂಪರ್‌ವೈಸರ್‌ಗಳಿಗೆ ತರಬೇತಿ ಕೊಡಿಸಿತು. ಮೊದಲು ಅವರ ಮೇಲಿನ ಮ್ಯಾನೇಜರ್‌ಗಳನ್ನು ಕರೆದು, ಯಾರಿಗೆ ತರಬೇತಿಯಿಂದ ಹೆಚ್ಚು ಪ್ರಯೋಜನ ಎಂದು ಅನುಕ್ರಮವಾಗಿ ಪಟ್ಟಿ ಮಾಡಿಸಿದರು. ಆಮೇಲೆ ಪಟ್ಟಿಯ ಎಲ್ಲ ಹಂತದಿಂದಲೂ ಲಾಟರಿ ಎತ್ತಿ ಜನರನ್ನು ಆರಿಸಿದರು. ಮ್ಯಾನೇಜರ್‌ಗಳು ಮೇಲ್ತುದಿಯಲ್ಲಿ ಹೆಸರು ಬರೆದ ಸೂಪರ್‌ವೈಸರ್‌ಗಳ ಉತ್ಪಾದಕತೆ ಒಂದಿಷ್ಟೂ ಏರಲಿಲ್ಲ. ಮ್ಯಾನೇಜರ್‌ಗಳ ಬಳಿ ಮಾಹಿತಿ ಇರಲಿಲ್ಲವೆಂದಲ್ಲ, ತಮ್ಮವರೆಂಬ ಪಕ್ಷಪಾತವೂ ಕಾರಣವಲ್ಲ. ಸೂಪರ್‌ವೈಸರ್ ಬಿಟ್ಟುಹೋದರೆ ಹೊಸಬರನ್ನು ತಯಾರು ಮಾಡುವ ಪಾಡು ತಮ್ಮದೇ ಆದ್ದರಿಂದ, ಯಾರು ಬಿಟ್ಟುಹೋಗದಂತೆ ಉಳಿಸಿಕೊಳ್ಳಬೇಕೋ ಅವರ ಹೆಸರನ್ನು ಮೇಲೆ ಬರೆದಿದ್ದರು. ಪಟ್ಟಿಯ ಕೆಳಗೆ ಬಿದ್ದಿದ್ದವರು ತರಬೇತಿ ಪಡೆದಾಗ ಅವರ ಉತ್ಪಾದಕತೆ ಶೇ. 12ರಷ್ಟು ಏರಿತು.

ತರಬೇತಿಗೆ ಹೆಸರು ಕಳಿಸಿ ಎಂದು ಎಚ್‌ಆರ್‌ನಿಂದ ಮುಂದಿನ ಸಲ ಮೇಲ್ ಬಂದಾಗ, ಓದುಗರಲ್ಲಿ ಯಾರಾದರೂ ಮ್ಯಾನೇಜರ್ ಇದ್ದರೆ, ತಾವು ಬರೆಯದೇ ಬಿಡಬೇಕೆಂದಿರುವ ಹೆಸರನ್ನು ಮೊದಲು ಬರೆದು ನೋಡಲಿ. ಅದು ತಮ್ಮದೇ ಹೆಸರಾಗಿದ್ದರೂ ಸರಿಯೇ.